ಅಗಸ್ಟೀನನ ‘ದೇವನಗರ’: ವಿಪತ್ಕಾಲದ ಧೈರ್ಯವನ್ನು ಕುರಿತು ಒಂದು ವಿಚಾರ

ರಾಜ್ಯಗಳು ಉರುಳುವುದು ಚರಿತ್ರೆಯಲ್ಲಿ ಅಪೂರ್ವವಾದ ಸಂಗತಿಯಲ್ಲ. ಉರುಳಿದ ರಾಜ್ಯದ ಜನ ಮಾರನೆಯ ದಿನ ಯಾವ ಬಲವನ್ನು ನಂಬಿ ತಮ್ಮ ಕೆಲಸಕ್ಕೆ ಕೈಹಾಕಿದರೆಂಬುದನ್ನು ತಿಳಿಸುವ ಬರಹಗಳು ಮಾತ್ರ ವಿರಳ. ಅಂಥ ವಿರಳ ಗ್ರಂಥಗಳಲ್ಲಿ, ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಆಗಿದ್ದ ಅಗಸ್ಟೀನನ ‘ದೇವನಗರ’ ಒಂದು. ಪಾಶ್ಚಾತ್ಯ ರಾಜನೀತಿಯ ಇತಿಹಾಸವನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಇದರ ಹೆಸರು ಪರಿಚಿತ. ಎರಡು ನಗರಗಳ ಸಿದ್ಧಾಂತವನ್ನು ನಾಲ್ಕು ವಾಕ್ಯಗಳಲ್ಲಿ ಸಂಗ್ರಹಿಸಿ ಪರೀಕ್ಷೆಯಲ್ಲಿ ಬರೆಯುವುದೂ ರೂಢಿ. ಆದರೆ ಈ ಗ್ರಂಥ ಹುಟ್ಟಿದುದು ದಿಕ್ಕುಗೆಟ್ಟ ಜನರ ಒಂದು ಪ್ರಶ್ನೆಗೆ ಉತ್ತರವಾಗಿ. ಪ್ರಶ್ನೆಯನ್ನು ಮರೆತರೆ ಉತ್ತರದ ಬೆಲೆ ತಿಳಿಯದು. ದೈವಶ್ರದ್ಧೆ ಕಷ್ಟಕಾಲದಲ್ಲಿ ಮನುಷ್ಯನಿಗೆ ಧೈರ್ಯವನ್ನೂ ಬಾಳಿಗೊಂದು ಗುರಿಯನ್ನೂ ಕೊಡಬಲ್ಲುದೆ, ಕೊಟ್ಟರೆ ಅದು ಎಂಥ ಧೈರ್ಯ ಎಂಬ ವಿಚಾರವನ್ನು ಮುಂದಿಟ್ಟುಕೊಂಡು ಈ ಗ್ರಂಥವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಕ್ರಿ. ಶ. ೪೧೦ನೆಯ ಆಗಸ್ಟ್ ೨೪ರಂದು ಅಲಾರಿಕನ ನಾಯಕತ್ವದಲ್ಲಿ ವಿಸಿಗಾಥರು ರೋಮ್ ನಗರವನ್ನು ಹೊಕ್ಕು ಮೂರು ದಿನಗಳ ಕಾಲ ಸೂರೆಮಾಡಿದರು. ರಾಜಕೀಯ ದೃಷ್ಟಿಯಿಂದ ನೋಡಿದರೆ ಸಾಮ್ರಾಜ್ಯ ಅಂದೇ ಮುಗಿಯಲಿಲ್ಲ. ಚಕ್ರವರ್ತಿ ಹೊನೋರಿಯಸನು ಆ ವೇಳೆಗಾಗಲೆ ರವೆನ್ನಾ ನಗರದಲ್ಲಿ ತನ್ನ ಆಸ್ಥಾನವನ್ನಿಟ್ಟುಕೊಂಡಿದ್ದನು. ಗಾಥರು ಏರಿಯನ್ ಪಂಥಕ್ಕೆ ಸೇರಿದ ಕ್ರೈಸ್ತರಾಗಿದ್ದು, ಸಂತ ಪೀಟರ್ ಮತ್ತು ಸಂತ ಪಾಲರ ಮಂದಿರಗಳಲ್ಲಿ ಆಶ್ರಯ ಪಡೆದವರನ್ನು ಕೊಲ್ಲದೆ ಬಿಟ್ಟರು. ಆದರೂ ಸುಮಾರು ಎಂಟುನೂರು ವರ್ಷಗಳಿಂದ ಪರಕೀಯ ಶತ್ರುವಿನ ವಶವಾಗದಿದ್ದ ನಗರ ಬಿದ್ದಿತೆಂಬ ಸುದ್ದಿ ಅಂದಿನ ಜಗತ್ತಿಗೆ ಸಿಡಿಲಿನಂತೆ ಬಡಿಯಿತು. ದೂರದ ಬೆತ್ಲೆಹೇಮಿನಲ್ಲಿದ್ದ ವಿದ್ವಾಂಸ ಜೆರೋಮನು ತಾನು ಬರೆಯುತ್ತಿದ್ದ ವ್ಯಾಖ್ಯಾನವನ್ನು ದುಃಖದಿಂದ ಕೆಲವು ಕಾಲ ನಿಲ್ಲಿಸಿಬಿಟ್ಟನು. ಉಳ್ಳವರು ಹಡಗು ಹತ್ತಿ ಆಫ್ರಿಕದ ತೀರಕ್ಕೆ ಬಂದಿಳಿದರು. ಅವರೊಡನೆ ಒಂದು ಆಕ್ಷೇಪವೂ ಬಂದಿಳಿಯಿತು.

ಚಕ್ರವರ್ತಿ ಥಿಯೊಡೋಸಿಯಸನು ೩೯೧ ಮತ್ತು ೩೯೨ರಲ್ಲಿ ಹಳೆಯ ದೇವತೆಗಳಿಗೆ ಬಲಿ ಕೊಡುವುದನ್ನು ನಿಷೇಧಿಸಿದ್ದನು. ಆಮೇಲೆ ಇಪ್ಪತ್ತು ವರ್ಷ ತುಂಬುವುದರೊಳಗಾಗಿ ರೋಮ್ ಬಿದ್ದಿತು. ಹಳೆಯ ದೇವತೆಗಳು ಕಾಪಾಡಿದ ನಗರವನ್ನು ಹೊಸ ದೇವರು ಕಾಪಾಡಲಿಲ್ಲ ಎಂದು ಜನ ಆಡಿಕೊಂಡುದು ಸಹಜವೇ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಆಕ್ಷೇಪವನ್ನು ವೊಲೂಸಿಯಾನಸ್ ಎಂಬ ಕುಲೀನನ ಗೆಳೆಯರ ಬಳಗ ಎತ್ತಿತು: ಕೇಡಿಗೆ ಕೇಡು ಮಾಡಬೇಡವೆಂದು ಬೋಧಿಸುವ ಮತದಿಂದ ರಾಜ್ಯರಕ್ಷಣೆ ಹೇಗೆ ಸಾಧ್ಯ? ಈ ಪ್ರಶ್ನೆಗಳನ್ನು ಅಗಸ್ಟೀನನಿಗೆ ತಲುಪಿಸಿ ಉತ್ತರ ಬೇಡಿದವನು ಮಾರ್ಸೆಲ್ಲಿನಸ್ ಎಂಬ ರಾಜಾಧಿಕಾರಿ. ಪರರ ಆಕ್ಷೇಪಗಳ ಹಿಂದೆ, ಬಾಯಿಬಿಟ್ಟು ಆಡಲಾರದ ಮೂರನೆಯ ಪ್ರಶ್ನೆಯೊಂದು ಶ್ರದ್ಧಾವಂತರ ಮನಸ್ಸಿನಲ್ಲಿಯೇ ಇದ್ದಿತು. ನಂಬಿದವರ ಮನೆಯೂ ಸುಟ್ಟಿತು, ನಂಬದವರ ಮನೆಯೂ ಸುಟ್ಟಿತು. ಹಾಗಾದರೆ ನಂಬಿ ಬಂದ ಫಲವೇನು? ‘ದೇವನಗರ’ದ ಇಪ್ಪತ್ತೆರಡು ಪುಸ್ತಕಗಳೂ ಈ ಮೂರನೆಯ ಪ್ರಶ್ನೆಯ ಸುತ್ತಲೇ ಬೆಳೆದಿವೆಯೆಂದು ನಮಗೆ ತೋರುತ್ತದೆ.

ಅಗಸ್ಟೀನನು ಗ್ರಂಥವನ್ನು ೪೧೩ರ ಹೊತ್ತಿಗೆ ಆರಂಭಿಸಿ, ೪೨೬ ಅಥವಾ ೪೨೭ರಲ್ಲಿ, ಎಂದರೆ ತನ್ನ ಎಪ್ಪತ್ತನೆಯ ವಯಸ್ಸು ದಾಟಿದ ಮೇಲೆ, ಮುಗಿಸಿದನು. ಗ್ರಂಥ ಯಾರ ಕೋರಿಕೆಯಿಂದ ಹುಟ್ಟಿತೋ ಆ ಮಾರ್ಸೆಲ್ಲಿನಸನು ೪೧೩ರ ಸೆಪ್ಟೆಂಬರಿನಲ್ಲಿ ರಾಜದ್ರೋಹದ ಆರೋಪಕ್ಕೆ ಗುರಿಯಾಗಿ ಶಿರಚ್ಛೇದಕ್ಕೆ ಒಳಗಾದನು. ಅವನನ್ನು ಕೊಲ್ಲಿಸಿದವರು ಕ್ರೈಸ್ತ ಚಕ್ರವರ್ತಿಯ ಅಧಿಕಾರಿಗಳೇ. ಅವನು ನಿರ್ದೋಷಿಯೆಂಬುದು ಅಗಸ್ಟೀನನ ದೃಢವಾದ ನಂಬಿಕೆ. ಧರ್ಮರಾಜ್ಯವೆಂದು ಹೆಸರಾದ ರಾಜ್ಯದಿಂದಲೂ ನ್ಯಾಯವನ್ನು ನಿಶ್ಚಯವಾಗಿ ನಿರೀಕ್ಷಿಸುವಂತಿಲ್ಲವೆಂಬುದು ಅವನಿಗೆ ಹೀಗೆ ಗ್ರಂಥದ ಆರಂಭದಲ್ಲಿಯೇ ಅನುಭವಕ್ಕೆ ಬಂದಿತ್ತು.

೨

ಗ್ರಂಥದ ರಚನೆಯನ್ನು ಕರ್ತೃವೇ ತನ್ನ ಮುಪ್ಪಿನಲ್ಲಿ ವಿವರಿಸಿದ್ದಾನೆ. ಮೊದಲಿನ ಹತ್ತು ಪುಸ್ತಕಗಳು ಖಂಡನರೂಪವಾದುವು: ಇಹದ ಸುಖಕ್ಕಾಗಿ ಹಲವು ದೇವತೆಗಳನ್ನು ಪೂಜಿಸಬೇಕೆನ್ನುವವರಿಗೆ ಮೊದಲ ಐದರಲ್ಲಿಯೂ, ಪರದ ಸುಖಕ್ಕಾಗಿ ಪೂಜಿಸಬೇಕೆನ್ನುವವರಿಗೆ ಮುಂದಿನ ಐದರಲ್ಲಿಯೂ ಉತ್ತರವಿದೆ. ಉಳಿದ ಹನ್ನೆರಡು ಪುಸ್ತಕಗಳು ಎರಡು ನಗರಗಳ ಹುಟ್ಟು, ನಡೆ, ಅಂತ್ಯಗಳನ್ನು ನಾಲ್ಕುನಾಲ್ಕು ಪುಸ್ತಕಗಳಲ್ಲಿ ನಿರೂಪಿಸುತ್ತವೆ. ಈ ಎರಡು ನಗರಗಳು ರೋಮ್ ಮತ್ತು ಕ್ರೈಸ್ತಸಭೆ ಎಂದು ತಿಳಿಯುವುದು ನಮ್ಮ ತರಗತಿಗಳಲ್ಲಿ ಸಾಮಾನ್ಯವಾದ ತಪ್ಪು. ಅಗಸ್ಟೀನನ ಮತದಲ್ಲಿ ಅವು ಎರಡು ಬಗೆಯ ಪ್ರೀತಿಗಳಿಂದ ಕೂಡಿಬಂದ ಎರಡು ಸಮುದಾಯಗಳು. ತನ್ನನ್ನೇ ಪರಮವೆಂದು ಪ್ರೀತಿಸುವವರದು ಒಂದು, ದೇವರನ್ನು ಪರಮವೆಂದು ಪ್ರೀತಿಸುವವರದು ಇನ್ನೊಂದು. ಲೋಕದಲ್ಲಿ ಇವು ಹಾಲುನೀರಿನಂತೆ ಬೆರೆತಿವೆ. ಗೋಡೆ ಕಟ್ಟಿ ಬೇರ್ಪಡಿಸಲು ಬರುವಂಥವಲ್ಲ.

ಈ ಮಾತಿನ ಧೈರ್ಯವನ್ನು ಅಳೆಯಬೇಕಾದರೆ ಅವನ ಹಿಂದೆಮುಂದಿನವರೊಡನೆ ಹೋಲಿಸಬೇಕು. ನೂರು ವರ್ಷ ಹಿಂದೆ ಯುಸೇಬಿಯಸನು ಕಾನ್‌ಸ್ಟಂಟೈನನ ರಾಜ್ಯವನ್ನೇ ದೈವಸಂಕಲ್ಪದ ಸಿದ್ಧಿಯೆಂದು ಕೊಂಡಾಡಿದ್ದನು. ಅಗಸ್ಟೀನನ ಬಳಿಗೆ ಬಂದ ಕಿರಿಯ ಪಾದ್ರಿ ಒರೋಸಿಯಸನು ಸುಮಾರು ೪೧೭ರಲ್ಲಿ ಏಳು ಪುಸ್ತಕಗಳ ಚರಿತ್ರೆಯೊಂದನ್ನು ಬರೆದು ಗುರುವಿಗೆ ಒಪ್ಪಿಸಿದನು. ಹಿಂದಿನ ಕಾಲಗಳ ಯುದ್ಧ, ಕ್ಷಾಮ, ಭೂಕಂಪಗಳನ್ನು ಪಟ್ಟಿಮಾಡಿ, ಕ್ರೈಸ್ತಕಾಲ ಅವುಗಳಿಗಿಂತ ಮೇಲು, ಮುಂದೆ ಇನ್ನೂ ಮೇಲಾಗುವುದು ಎಂಬುದು ಅವನ ವಾದ. ಯುಸೇಬಿಯಸನ ಹಿಗ್ಗು, ಒರೋಸಿಯಸನ ಸಮಾಧಾನ ಎರಡಕ್ಕೂ ಆಧಾರ ಒಂದೇ: ಶ್ರದ್ಧೆಯ ಸತ್ಯಕ್ಕೆ ರಾಜ್ಯದ ಏಳಿಗೆಯೇ ಸಾಕ್ಷಿ. ಈ ಆಧಾರವನ್ನು ಒಪ್ಪಿದವನು ರಾಜ್ಯ ಬಿದ್ದ ದಿನ ಶ್ರದ್ಧೆಯನ್ನೂ ಕಳೆದುಕೊಳ್ಳಬೇಕಾಗುತ್ತದೆ. ಅಗಸ್ಟೀನನು ಇದನ್ನು ಒಪ್ಪಲಿಲ್ಲ. ಸಭೆಯ ಮೇಲಿನ ಹಿಂಸೆಗಳು ಹತ್ತಕ್ಕೆ ಮುಗಿದವು, ಇನ್ನು ಬರಲಾರವು ಎಂಬ ಆಗಿನ ಕಾಲದ ಲೆಕ್ಕಾಚಾರವನ್ನು ಅವನು ಹದಿನೆಂಟನೆಯ ಪುಸ್ತಕದಲ್ಲಿ ತಿರಸ್ಕರಿಸಿದ್ದಾನೆ. ನಾಳೆ ಇಂದಿಗಿಂತ ಸುಖಕರವಾಗಿರುವುದೆಂಬ ಭರವಸೆಯನ್ನು ಅವನು ಯಾರಿಗೂ ಕೊಡುವುದಿಲ್ಲ. ಕೊಡದೆಯೂ ಜನರನ್ನು ನಿಲ್ಲಿಸಲು ಯತ್ನಿಸುತ್ತಾನೆ. ಗ್ರಂಥದ ಹಿರಿಮೆ ಇರುವುದು ಇಲ್ಲಿ.

ಮೊದಲನೆಯ ಪುಸ್ತಕದಲ್ಲಿಯೇ ಇದರ ನಿದರ್ಶನವಿದೆ. ಸೂರೆಯ ದಿನಗಳಲ್ಲಿ ಸೈನಿಕರ ಅತ್ಯಾಚಾರಕ್ಕೆ ಸಿಕ್ಕ ಸ್ತ್ರೀಯರ ಸಂಗತಿಯನ್ನು ಅವನು ಮರೆಮಾಡದೆ ಎತ್ತಿಕೊಳ್ಳುತ್ತಾನೆ. ಮಾನಭಂಗವಾದೊಡನೆ ಪ್ರಾಣತ್ಯಾಗ ಮಾಡಿಕೊಂಡ ಲುಕ್ರೀಷಿಯಳನ್ನು ರೋಮನರು ಪಾತಿವ್ರತ್ಯದ ಆದರ್ಶವೆಂದು ಪೂಜಿಸುತ್ತಿದ್ದರು. ಅಗಸ್ಟೀನನು ಈ ಆದರ್ಶವನ್ನು ನೇರವಾಗಿ ಎದುರಿಸಿ, ಮನಸ್ಸು ಒಪ್ಪದ ಕಾರ್ಯದಿಂದ ಶೀಲಕ್ಕೆ ಕಳಂಕವಿಲ್ಲ, ಪರರ ಪಾಪಕ್ಕಾಗಿ ನಿರಪರಾಧಿ ಸಾಯಬೇಕಾದುದಿಲ್ಲ ಎಂದು ತೀರ್ಪು ಕೊಟ್ಟನು. ಬದುಕಿ ಉಳಿದುದಕ್ಕಾಗಿ ನಾಚಿಕೆಪಡುತ್ತಿದ್ದವರಿಗೆ ಬದುಕುವ ಹಕ್ಕನ್ನು ಇದು ಮರಳಿಸಿತು. ಶ್ರದ್ಧೆ ಧೈರ್ಯವಾಗಿ ಪರಿಣಮಿಸುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

೩

ಇಷ್ಟನ್ನು ಮೆಚ್ಚಿದ ಮೇಲೆ ಗ್ರಂಥದ ಕೊರತೆಗಳನ್ನೂ ಹೇಳಬೇಕಾದುದು ವಿಮರ್ಶೆಯ ಧರ್ಮ. ಮೇಲೆ ಹೇಳಿದ ಸ್ತ್ರೀಯರನ್ನು ಸಮರ್ಥಿಸಿದ ಲೇಖನಿಯೇ ಕೆಲವು ಪುಟಗಳ ಮುಂದೆ, ಅವರಲ್ಲಿ ಕೆಲವರಿಗೆ ತಮ್ಮ ಶೀಲವನ್ನು ಕುರಿತು ಗುಪ್ತವಾದ ಗರ್ವವಿದ್ದಿರಬಹುದೆ, ಅದನ್ನು ಇಳಿಸಲೆಂದೇ ದೇವರು ಇದಕ್ಕೆ ಎಡೆಗೊಟ್ಟನೆ ಎಂದು ಶಂಕಿಸುತ್ತದೆ. ದುಃಖಕ್ಕೆಲ್ಲ ಕಾರಣ ಹುಡುಕಹೊರಟ ತತ್ತ್ವಜ್ಞನಿಗೆ ಇದು ಅನಿವಾರ್ಯವೆನಿಸಿರಬಹುದು. ದುಃಖದಲ್ಲಿದ್ದವರ ಕಿವಿಗೆ ಅದು ಕ್ರೂರವಾದ ಮಾತು. ಸುಖದುಃಖಗಳು ಸಜ್ಜನ ದುರ್ಜನರಿಬ್ಬರಿಗೂ ಸಮವಾಗಿ ಬರುತ್ತವೆಯೆಂದು ತಾನೇ ಸ್ಥಾಪಿಸಿದ ಮೇಲೆ ಈ ಲೆಕ್ಕಾಚಾರಕ್ಕೆ ಅವನು ಇಳಿಯಬೇಕಾಗಿರಲಿಲ್ಲ.

ಎರಡನೆಯ ಕೊರತೆ ಇನ್ನೂ ಮುಖ್ಯವಾದುದು. ಈ ಲೋಕದಲ್ಲಿ ದೇವನಗರದ ಜನ ಯಾತ್ರಿಕರು ಎಂಬುದು ಅಗಸ್ಟೀನನ ಪ್ರಿಯವಾದ ಕಲ್ಪನೆ. ಯಾತ್ರಿಕನಿಗೆ ಛತ್ರ ಸೋರಿದರೆ ಚಿಂತೆಯಿಲ್ಲ. ಬೆಳಗಾದರೆ ಹೊರಡುವವನು ತಾನೆ? ಆದರೆ ಛತ್ರದಲ್ಲಿಯೇ ಹುಟ್ಟಿ ಅಲ್ಲಿಯೇ ಮಕ್ಕಳನ್ನು ಸಾಕಬೇಕಾದವರ ಗತಿಯೇನು? ಹದಿನೆಂಟನೆಯ ಶತಮಾನದಲ್ಲಿ ಗಿಬ್ಬನ್ ತನ್ನ ಮಹಾಗ್ರಂಥದಲ್ಲಿ, ಪರಲೋಕದ ಚಿಂತೆ ರೋಮನರ ಪೌರಪೌರುಷವನ್ನು ಕುಗ್ಗಿಸಿತೆಂದು ವಾದಿಸಿದನಷ್ಟೆ. ವೊಲೂಸಿಯಾನಸನ ಬಳಗದ ಹಳೆಯ ಆಕ್ಷೇಪವೇ ಅಲ್ಲಿ ಹೊಸ ವೇಷದಲ್ಲಿ ಬಂದಿದೆ. ‘ದೇವನಗರ’ವೊಂದನ್ನೇ ಓದಿದವರಿಗೆ ಇದನ್ನು ತಳ್ಳಿಹಾಕುವುದು ಕಷ್ಟ. ಹತ್ತೊಂಬತ್ತನೆಯ ಪುಸ್ತಕದಲ್ಲಿ ನ್ಯಾಯಾಧೀಶನೊಬ್ಬನ ಚಿತ್ರವಿದೆ: ಸತ್ಯವನ್ನು ತಿಳಿಯಲಾರದೆ ನಿರಪರಾಧಿಯನ್ನು ಚಿತ್ರಹಿಂಸೆಗೆ ಒಳಪಡಿಸಬೇಕಾಗಿ ಬಂದರೂ, ಸಮಾಜ ಬಯಸುವ ಆ ಪೀಠವನ್ನು ಅವನು ಬಿಟ್ಟೇಳುವುದಿಲ್ಲ, ಈ ನಿರ್ಬಂಧದಿಂದ ಬಿಡಿಸೆಂದು ದೇವರಿಗೆ ಮೊರೆಯಿಡುತ್ತಾನೆ. ಕರ್ತವ್ಯ ಬಿಡಬಾರದೆಂಬ ಬೋಧೆ ಇಲ್ಲಿ ಗಂಭೀರವಾಗಿದೆ, ನಿಜ. ಆದರೆ ಆ ಪದ್ಧತಿಯನ್ನೇ ತಿದ್ದಬಹುದೆಂಬ ಆಲೋಚನೆ ಸುಳಿಯುವುದಿಲ್ಲ. ಇಲ್ಲಿರುವುದು ಸಹನೆಯ ಧೈರ್ಯ; ಕಾರ್ಯದ ಧೈರ್ಯವನ್ನು ನಾವು ಬೇರೆ ಕಡೆ ಹುಡುಕಬೇಕು.

೪

ಹುಡುಕಬೇಕಾದ ಸ್ಥಳ ದೂರವಿಲ್ಲ. ಗ್ರಂಥ ಮುಗಿದ ಒಂದೆರಡು ವರ್ಷಗಳಲ್ಲಿಯೇ, ಅದು ದೂರದ ರೋಮಿನ ವಿಷಯವಾಗಿ ಹೇಳಿದ್ದೆಲ್ಲ ಕರ್ತೃವಿನ ಬಾಗಿಲಿಗೇ ಬಂದಿತು. ೪೨೯ರಲ್ಲಿ ಗೈಸೆರಿಕನ ನಾಯಕತ್ವದಲ್ಲಿ ವ್ಯಾಂಡಲರು ಸ್ಪೇನಿನಿಂದ ಜಲಸಂಧಿಯನ್ನು ದಾಟಿ ಆಫ್ರಿಕಕ್ಕೆ ನುಗ್ಗಿ, ಊರೂರುಗಳನ್ನು ಹಾಳುಗೆಡಹುತ್ತ ಪೂರ್ವಕ್ಕೆ ಸಾಗಿದರು. ಪಾದ್ರಿಗಳು ಓಡಬೇಕೆ, ನಿಲ್ಲಬೇಕೆ? ಒಂದು ಊರಿನಲ್ಲಿ ಹಿಂಸೆಯಾದರೆ ಇನ್ನೊಂದಕ್ಕೆ ಓಡಿರೆಂದು ಏಸುವೇ ಶಿಷ್ಯರಿಗೆ ಹೇಳಿದ್ದನೆಂಬುದು ಓಡುವವರ ಆಧಾರ. ಥಿಯಾಬೆ ಎಂಬ ಊರಿನ ಬಿಷಪ್ ಹೊನೊರಾಟಸನು ಈ ಸಂದೇಹವನ್ನು ಅಗಸ್ಟೀನನ ಮುಂದಿಟ್ಟನು. ಅದಕ್ಕೆ ಬಂದ ಉತ್ತರ ಅಗಸ್ಟೀನನ ಪತ್ರಸಂಗ್ರಹದಲ್ಲಿ ೨೨೮ನೆಯದು. ಈ ಪತ್ರವನ್ನು ‘ದೇವನಗರ’ದ ಇಪ್ಪತ್ತಮೂರನೆಯ ಪುಸ್ತಕವೆಂದು ಕರೆಯಬಹುದೆಂದು ನಮ್ಮ ಅಭಿಪ್ರಾಯ.

ಪತ್ರದ ವಾದಸರಣಿ ಹೀಗಿದೆ. ಡಮಾಸ್ಕಸ್ ನಗರದಲ್ಲಿ ಸಂತ ಪಾಲನು ಬುಟ್ಟಿಯಲ್ಲಿ ಕುಳಿತು ಗೋಡೆಯಿಂದಿಳಿದು ತಪ್ಪಿಸಿಕೊಂಡನಲ್ಲ, ಅದು ತಪ್ಪೆ? ತಪ್ಪಲ್ಲ, ಶತ್ರುಗಳು ಹುಡುಕುತ್ತಿದ್ದುದು ಅವನೊಬ್ಬನನ್ನು, ಜನರ ಸೇವೆಗೆ ಅಲ್ಲಿ ಬೇರೆಯವರಿದ್ದರು. ಅಪಾಯ ಒಬ್ಬನಿಗೇ ಗುರಿಯಿಟ್ಟು ಬಂದಾಗ ಅವನು ಓಡಬಹುದು. ಅಪಾಯ ಎಲ್ಲರಿಗೂ ಸಮಾನವಾದಾಗ, ಯಾರಿಗೆ ಇತರರ ನೆರವು ಅಗತ್ಯವೋ ಅವರನ್ನು ನೆರವಾಗಬೇಕಾದವರು ಬಿಟ್ಟುಹೋಗಬಾರದು. ಊರಿಗೆ ಊರೇ ಭದ್ರವಾದ ಕೋಟೆಗೆ ಹೊರಡುವುದಾದರೆ ಪಾದ್ರಿಯೂ ಹೊರಡಲಿ. ಹೊರಡಲಾರದೆ ಉಳಿಯುವವರಿದ್ದರೆ ಅವರೊಡನೆ ಉಳಿಯಲಿ. ಸ್ಪೇನಿನಲ್ಲಿ ಇಂಥದೇ ಸಂದರ್ಭ ಬಂದಾಗ ಕೆಲವು ಬಿಷಪ್ಪರು ತಮ್ಮ ಜನರೆಲ್ಲ ಚದರಿ, ಸತ್ತು, ಸೆರೆಯಾಗಿ ಹೋದ ಮೇಲೆಯೇ ಊರು ಬಿಟ್ಟರು. ಜನ ನಿಂತ ಕಡೆ ಅವರೂ ನಿಂತರು. ಜನರನ್ನು ಕೈಬಿಟ್ಟು ಓಡಿದವರೂ ಕೆಲವರಿದ್ದರು; ಅವರನ್ನು ತಾನು ಮೆಚ್ಚಲಾರೆನೆಂದು ಪತ್ರ ಸ್ಪಷ್ಟವಾಗಿ ಹೇಳುತ್ತದೆ. ಎಲ್ಲರೂ ಸತ್ತರೆ ಮುಂದೆ ಸೇವೆಗೆ ಯಾರೂ ಉಳಿಯರೆಂಬ ಭಯವಿದ್ದು, ಯಾರು ಉಳಿಯಬೇಕು, ಯಾರು ಹೋಗಬೇಕು ಎಂಬ ವಿವಾದ ಎದ್ದರೆ? ಆಗ ಚೀಟಿ ಎತ್ತಿ ತೀರ್ಮಾನಿಸಿಕೊಳ್ಳಲಿ. ತಾನೇ ಶ್ರೇಷ್ಠ, ತಾನುಳಿದರೆ ಲೋಕಕ್ಕೆ ಲಾಭ ಎಂದು ಯಾರೂ ಭಾವಿಸದಿರಲಿ.

ಪತ್ರದ ಈ ಕೊನೆಯ ಸಲಹೆ ನಮ್ಮ ವಿಶೇಷ ಗಮನಕ್ಕೆ ಅರ್ಹವಾಗಿದೆ. ಹುತಾತ್ಮನಾಗುವ ಹುರುಪನ್ನು ಅಗಸ್ಟೀನನು ಇಲ್ಲಿ ಕೆರಳಿಸುವುದಿಲ್ಲ. ಜೀವಭಯವನ್ನು ಹೀಯಾಳಿಸುವುದೂ ಇಲ್ಲ. ಮುತ್ತಿಗೆಯ ಊರಿನಲ್ಲಿ ದೀಕ್ಷೆ ಬೇಡುವವರು, ಪ್ರಾಯಶ್ಚಿತ್ತ ಬೇಡುವವರು, ಒಂದು ಸಾಂತ್ವನದ ಮಾತಿಗಾಗಿ ಕಾದವರು ಹೇಗೆ ಗುಂಪುಗೂಡುತ್ತಾರೆಂಬುದನ್ನು ನೆನಪಿಸಿ, ಅವರಿಗೆ ಬಾಗಿಲು ತೆರೆಯುವವರು ಯಾರು ಎಂದಷ್ಟೇ ಕೇಳುತ್ತಾನೆ. ನಾನು ಬದುಕುವೆನೆ ಎಂಬ ಪ್ರಶ್ನೆಗೆ ಶ್ರದ್ಧೆಯಲ್ಲಿ ಉತ್ತರವಿಲ್ಲ. ಇಲ್ಲಿ ನನ್ನ ಅಗತ್ಯ ಯಾರಿಗಿದೆ ಎಂಬ ಪ್ರಶ್ನೆಗೆ ಉತ್ತರವಿದೆ. ಅದು ದೊರೆತೊಡನೆ ಮನುಷ್ಯನಿಗೆ ನಿಲ್ಲುವ ಸ್ಥಳ ಗೊತ್ತಾಗುತ್ತದೆ. ಛತ್ರದ ಯಾತ್ರಿಕನು ನೆರೆಯವನಾಗುವುದು ಈ ಪತ್ರದಲ್ಲಿ.

ಇದು ಕಾಗದದ ಮೇಲಣ ಮಾತಾಗಿ ಉಳಿಯಲಿಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷ್ಯವಿದೆ. ಆಸ್ಟ್ರಿಯದ ವಿದ್ವಾಂಸ ಯೋಹಾನ್ನೆಸ್ ದಿವ್ಯಾಕ್ ೧೯೮೧ರಲ್ಲಿ ಪ್ರಕಟಿಸಿದ, ಅದುವರೆಗೆ ಅಜ್ಞಾತವಾಗಿದ್ದ ಪತ್ರಗಳಲ್ಲಿ ಒಂದು, ಕ್ರಿ. ಶ. ೪೨೦ರ ದಶಕದಲ್ಲಿ ಆಫ್ರಿಕದ ಗ್ರಾಮಸ್ಥರನ್ನು ಹಿಡಿದು ಸಮುದ್ರದಾಚೆ ಮಾರುತ್ತಿದ್ದ ವರ್ತಕರನ್ನು ಕುರಿತದ್ದು. ಹಿಪ್ಪೊ ಬಂದರಿನಲ್ಲಿ ಹೀಗೆ ಸಿಕ್ಕಿಬಿದ್ದಿದ್ದ ಸುಮಾರು ೧೨೦ ಮಂದಿಯನ್ನು ಅಲ್ಲಿಯ ಸಭೆಯ ಜನ ಬಿಡಿಸಿದರು. ಆಗ ಬಿಷಪ್ ಊರಿನಲ್ಲಿರಲಿಲ್ಲ. ಅವನಿಲ್ಲದೆಯೂ ಅವನ ಜನ ಹೀಗೆ ನಡೆದುಕೊಂಡರೆಂಬುದು ಬೋಧಕನಾದವನಿಗೆ ಸಲ್ಲಬಹುದಾದ ದೊಡ್ಡ ಪ್ರಶಂಸೆ. ಗಿಬ್ಬನ್ನನ ಕಾಲಕ್ಕೆ ಈ ಪತ್ರ ತಿಳಿದಿರಲಿಲ್ಲ. ಶ್ರದ್ಧೆ ಪೌರಧರ್ಮವನ್ನು ಕುಗ್ಗಿಸಿತೆಂಬ ವಾದವನ್ನು ಇಂದು ಮುಂದಿಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೫

ಆದರೆ ಶ್ರದ್ಧೆಯ ಬಲ ಒಳ್ಳೆಯ ದಿಕ್ಕಿಗೇ ಹರಿಯುತ್ತದೆಂದು ಹೇಳಿದರೆ ನಾವು ಇತಿಹಾಸಕ್ಕೆ ದ್ರೋಹ ಮಾಡಿದಂತಾಗುತ್ತದೆ. ಆಫ್ರಿಕದಲ್ಲಿ ಬಹುಕಾಲದಿಂದ ಪ್ರಬಲವಾಗಿದ್ದ ಡೊನಾಟಿಸ್ಟ್ ಪಂಥದವರನ್ನು ವಾದದಿಂದಲೇ ಗೆಲ್ಲಬೇಕೆಂದು ಅಗಸ್ಟೀನನು ಮೊದಮೊದಲು ನಂಬಿದ್ದನು. ಕ್ರಮೇಣ ರಾಜಾಜ್ಞೆಯ ಬಲಾತ್ಕಾರವೂ ಸಲ್ಲುವುದೆಂಬ ನಿಲುವಿಗೆ ಬಂದು, ಅದನ್ನು ಶಾಸ್ತ್ರವಾಕ್ಯಗಳಿಂದ ಸಮರ್ಥಿಸಿ ದೀರ್ಘವಾದ ಪತ್ರಗಳನ್ನು ಬರೆದನು. ೪೧೧ರಲ್ಲಿ ಕಾರ್ತೇಜಿನಲ್ಲಿ ಎರಡು ಪಕ್ಷಗಳ ಸಭೆ ನಡೆದಾಗ ಮಧ್ಯಸ್ಥನಾಗಿ ಕುಳಿತು ಡೊನಾಟಿಸ್ಟರ ವಿರುದ್ಧ ತೀರ್ಪಿತ್ತವನು ಮೇಲೆ ಹೇಳಿದ ಮಾರ್ಸೆಲ್ಲಿನಸನೇ. ಕೊಲೆಗೈದ ಡೊನಾಟಿಸ್ಟರಿಗೂ ಮರಣದಂಡನೆ ಬೇಡವೆಂದು ಅಗಸ್ಟೀನನು ಅವನನ್ನು ಬೇಡಿಕೊಂಡುದು ನಿಜ. ಆದರೂ ಬಲಾತ್ಕಾರಕ್ಕೆ ಅವನು ಕೊಟ್ಟ ಸಮರ್ಥನೆಯನ್ನು ಮುಂದಿನ ಶತಮಾನಗಳವರು ಅವನಷ್ಟು ಸಂಕೋಚವಿಲ್ಲದೆ ಬಳಸಿಕೊಂಡರು.

ಇಲ್ಲಿ ವಿರೋಧಾಭಾಸವೊಂದು ಎದ್ದುಕಾಣುತ್ತದೆ. ದೇವನಗರವನ್ನೂ ಲೋಕನಗರವನ್ನೂ ಗೋಡೆ ಕಟ್ಟಿ ಬೇರ್ಪಡಿಸಲಾಗದೆಂದು ಬರೆದವನೇ ರಾಜ್ಯದ ಕೈಯಿಂದ ಅಂಥ ಗೋಡೆಯನ್ನು ಕಟ್ಟಿಸಲು ಒಪ್ಪಿದನು. ಇದರಿಂದ ನಾವು ಕಲಿಯಬೇಕಾದುದಿಷ್ಟು. ತನಗೆ ಗೆಲವಿನ ಭರವಸೆಯಿಲ್ಲದಾಗ ಶ್ರದ್ಧೆ ಮನುಷ್ಯನನ್ನು ನೆರೆಯವನ ಕಡೆಗೆ ತಿರುಗಿಸಬಲ್ಲುದು. ರಾಜಬಲ ಕೈಗೆ ಸಿಕ್ಕಾಗ ಅದೇ ಶ್ರದ್ಧೆ ನೆರೆಯವನನ್ನು ತಿದ್ದಹೊರಡುತ್ತದೆ. ಅಗಸ್ಟೀನನ ಬಾಳಿನಲ್ಲಿ ಎರಡೂ ಇವೆ. ಹೊನೊರಾಟಸನಿಗೆ ಬರೆದ ಪತ್ರವನ್ನು ಬೋಧಿಸುವವರು ಡೊನಾಟಿಸ್ಟರನ್ನು ಕುರಿತ ಪತ್ರಗಳನ್ನು ಮುಚ್ಚಿಡಬಾರದು.

೬

ಹಿಪ್ಪೊ ನಗರಕ್ಕೆ ಮುತ್ತಿಗೆ ಬಿದ್ದುದು ೪೩೦ರ ಬೇಸಗೆಯಲ್ಲಿ. ಸುತ್ತಲಿನ ಊರುಗಳಿಂದ ತಪ್ಪಿಸಿಕೊಂಡು ಬಂದ ಬಿಷಪ್ಪರು ಅಲ್ಲಿ ಸೇರಿದ್ದರು. ಕಲಾಮದ ಬಿಷಪ್ ಪೊಸ್ಸೀಡಿಯಸನು ಅವರಲ್ಲೊಬ್ಬನು; ಅಗಸ್ಟೀನನ ಚರಿತೆಯನ್ನು ಮುಂದೆ ಬರೆದು, ಹೊನೊರಾಟಸನಿಗೆ ಬರೆದ ಪತ್ರವನ್ನು ಅದರಲ್ಲಿ ಸೇರಿಸಿ ಉಳಿಸಿಕೊಟ್ಟವನೂ ಅವನೇ. ಆ ದಿನಗಳಲ್ಲಿ ಗುರುವಿನ ಪ್ರಾರ್ಥನೆ ಏನಾಗಿತ್ತೆಂಬುದನ್ನು ಅವನು ದಾಖಲಿಸಿದ್ದಾನೆ: ದೇವರು ಈ ನಗರವನ್ನು ಬಿಡಿಸಲಿ; ಅದು ಅವನ ಚಿತ್ತವಲ್ಲವಾದರೆ ಸಹಿಸುವ ಬಲವನ್ನು ತನ್ನ ಸೇವಕರಿಗೆ ಕೊಡಲಿ; ಅದೂ ಇಲ್ಲವಾದರೆ ತನ್ನನ್ನು ಈ ಲೋಕದಿಂದ ಕರೆದುಕೊಳ್ಳಲಿ. ಪ್ರಾರ್ಥನೆಯ ಕ್ರಮವನ್ನು ಗಮನಿಸಬೇಕು. ನಗರದ ಬಿಡುಗಡೆ ಮೊದಲು, ತನ್ನ ಬಿಡುಗಡೆ ಕಡೆಗೆ. ಪರಲೋಕವನ್ನೇ ಕುರಿತು ಇಪ್ಪತ್ತೆರಡು ಪುಸ್ತಕ ಬರೆದವನು ಇಹದ ಊರನ್ನು ಮರೆತಿರಲಿಲ್ಲ.

ಪೊಸ್ಸೀಡಿಯಸನು ಹೇಳುವ ಇನ್ನೊಂದು ಸಂಗತಿಯೂ ಸ್ವಾರಸ್ಯಕರವಾಗಿದೆ. ಕಲ್ಲುಮರಗಳು ಬೀಳುವುದನ್ನೂ ಮರ್ತ್ಯರು ಸಾಯುವುದನ್ನೂ ದೊಡ್ಡ ವಿಪತ್ತೆಂದು ಎಣಿಸುವವನು ದೊಡ್ಡವನಲ್ಲವೆಂಬ ಅರ್ಥದ, ಒಬ್ಬ ಜ್ಞಾನಿಯ ಮಾತಿನಿಂದ ಅಗಸ್ಟೀನನು ಸಮಾಧಾನ ಪಡೆಯುತ್ತಿದ್ದನಂತೆ. ಆ ಜ್ಞಾನಿಯ ಹೆಸರನ್ನು ಅವನು ಹೇಳುವುದಿಲ್ಲ; ಮಾತು ಕ್ರೈಸ್ತನಲ್ಲದ ತತ್ತ್ವಜ್ಞ ಪ್ಲೊಟೈನಸನದೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಳೆಯ ಮತವನ್ನು ಹತ್ತು ಪುಸ್ತಕಗಳಲ್ಲಿ ಖಂಡಿಸಿದವನು ಕೊನೆಗಾಲದಲ್ಲಿ ಆ ಪರಂಪರೆಯವನೊಬ್ಬನ ಮಾತನ್ನು ಊರುಗೋಲಾಗಿ ಹಿಡಿದುದು ಅವನ ಶ್ರದ್ಧೆಯ ಕೊರತೆಯೆಂದು ನಾವು ಭಾವಿಸುವುದಿಲ್ಲ. ಕತ್ತಲಲ್ಲಿ ನಡೆಯುವವನು ದೀಪ ಯಾರ ಮನೆಯದೆಂದು ವಿಚಾರಿಸುವುದಿಲ್ಲ.

ಕೊನೆಯ ಸುಮಾರು ಹತ್ತು ದಿನ ಅವನು ಒಬ್ಬಂಟಿಯಾಗಿದ್ದು, ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಎದುರಿನ ಗೋಡೆಗೆ ತೂಗುಹಾಕಿಸಿ, ಓದುತ್ತ ಅಳುತ್ತಿದ್ದನು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ, ಆಗಸ್ಟ್ ೨೮ರಂದು, ತನ್ನ ೭೫ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆಸ್ತಿಯಿಲ್ಲದ ಕಾರಣ ಉಯಿಲು ಬರೆಯಲಿಲ್ಲ. ಗ್ರಂಥಭಂಡಾರವನ್ನು ಜೋಪಾನ ಮಾಡಿರೆಂದು ಮಾತ್ರ ಹೇಳುತ್ತಿದ್ದನು. ಅವನು ಕೇಳಿಕೊಂಡಂತೆ ನಗರ ಉಳಿಯಲಿಲ್ಲ. ಮುತ್ತಿಗೆಯ ತರುವಾಯ ಜನ ತೊರೆದುಹೋದ ಊರನ್ನು ಶತ್ರುಗಳು ಸುಟ್ಟರು. ೪೩೯ರಲ್ಲಿ ಕಾರ್ತೇಜೂ ಗೈಸೆರಿಕನ ವಶವಾಯಿತು. ಉಳಿದುದು ಪುಸ್ತಕಗಳು.

ನಮ್ಮ ತೀರ್ಮಾನವನ್ನು ಸಂಗ್ರಹವಾಗಿ ಹೇಳಬಹುದು. ‘ದೇವನಗರ’ದ ಬೋಧೆ ಶ್ರದ್ಧೆಯನ್ನು ರಾಜ್ಯದ ಅದೃಷ್ಟದಿಂದ ಬಿಡಿಸಿತು, ಇದು ಚಿರಸ್ಥಾಯಿಯಾದ ಉಪಕಾರ. ಆದರೆ ಹಾಗೆ ಬಿಡಿಸಿದ ಶ್ರದ್ಧೆಗೆ ಮಾಡಬೇಕಾದ ಕೆಲಸವೇನೆಂಬುದನ್ನು ಆ ಮಹಾಗ್ರಂಥಕ್ಕಿಂತ ಚೆನ್ನಾಗಿ ಒಂದು ಪತ್ರ ತಿಳಿಸುತ್ತದೆ. ಆದುದರಿಂದ ಇವೆರಡನ್ನೂ ಜೊತೆಯಲ್ಲಿಟ್ಟು ಓದಿಸುವುದು ಅಧ್ಯಾಪಕರ ಹೊಣೆ. ಎರಡು ನಗರಗಳ ಸಿದ್ಧಾಂತವನ್ನು ಬರೆದು ಅಂಕ ಪಡೆಯುವ ವಿದ್ಯಾರ್ಥಿ, ಓಡಲಾರದೆ ಉಳಿದವರ ಬಳಿ ಉಳಿಯುವವರು ಯಾರು ಎಂದು ಕೇಳಿದ ಮುದುಕನನ್ನೂ ಅರಿತುಕೊಂಡರೆ, ಇತಿಹಾಸದ ಪಾಠ ಅವನಿಗೆ ಪರೀಕ್ಷೆಯಾಚೆಗೂ ಒದಗಬಹುದೆಂದು ನಾವು ಆಶಿಸುತ್ತೇವೆ.